ಕೂಸು ಹುಟ್ಟುವ ಮುನ್ನ ಕುಲಾವಿ

ಚೊಚ್ಚಲ ಹೆರಿಗೆಗೆ ಆಸ್ಪತ್ರೆಗೆ ಹೊರಡುವ ಮುನ್ನ ಚೀಲ ಕಟ್ಟಿಡುವ ರೂಢಿ ಕರ್ನಾಟಕದ ಎಲ್ಲ ಬಗೆಯ ಮನೆಗಳಿಗೂ ತಲುಪಿದ್ದು ತೀರ ಈಚೆಗೆ. 1998-99ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಹೊತ್ತಿಗೆ ರಾಜ್ಯದಲ್ಲಿ ಆಸ್ಪತ್ರೆಯ ಹೆರಿಗೆಗಳು ಶೇ 51ರಷ್ಟು ಮಾತ್ರ. ಉಳಿದ ಕೂಸುಗಳೆಲ್ಲ ಹೆಚ್ಚಾಗಿ ಮನೆಯಲ್ಲೇ ಹುಟ್ಟುತ್ತಿದ್ದವು. ಮನೆಯಲ್ಲಿ ಹೆರುವವಳಿಗೆ ಚೀಲದ ಅಗತ್ಯವಿರಲಿಲ್ಲ. ಬೇಕಾದದ್ದೆಲ್ಲ ಬಾಣಂತಿ ಕೋಣೆಯಲ್ಲೋ ಅಡುಗೆಮನೆಯಲ್ಲೋ ಬಚ್ಚಲಲ್ಲೋ ಕೈಗೆ ಸಿಗುವಂತೆ ಇರುತ್ತಿತ್ತು. ಹೆರಿಗೆ ಹೊಸಿಲು ದಾಟಿದಾಗ ಆ ಸಾಮಾನಿನಲ್ಲಿ ಹೊರಲು ಬರುವಷ್ಟು ಚೀಲ ಸೇರಿತು, ಹೊರಲಾರದ್ದು ಮನೆಯಲ್ಲೇ ಉಳಿಯಿತು. ಆದ್ದರಿಂದ ಈ ಚೀಲದ ಚರಿತ್ರೆಯನ್ನು ಬಾಣಂತಿ ಕೋಣೆಯಿಂದಲೇ ಆರಂಭಿಸಬೇಕಾಗುತ್ತದೆ.

ತವರಿನ ಸಿದ್ಧತೆ

ಕನ್ನಡ ನಾಡಿನ ಬಹುತೇಕ ಸಮುದಾಯಗಳಲ್ಲಿ ಮೊದಲ ಹೆರಿಗೆ ತವರಿನ ಹೊಣೆ. ಬಸುರಿಗೆ ಏಳನೆಯದೋ ಒಂಬತ್ತನೆಯದೋ ತಿಂಗಳು ನಡೆಯುವಾಗ ಸೀಮಂತ ಮಾಡುತ್ತಾರೆ. ಉತ್ತರ ಕರ್ನಾಟಕದಲ್ಲಿ ಇದೇ ಕುಬಸ. ಹಸಿರು ಬಳೆ ತೊಡಿಸಿ, ಹೂ ಮುಡಿಸಿ, ಅಕ್ಕಿ, ಕಾಯಿ, ಬೆಲ್ಲ, ಎಲೆ ಅಡಿಕೆ, ಕಣ ಇಟ್ಟು ಮಡಿಲು ತುಂಬುತ್ತಾರೆ. ಬಯಕೆಯ ಊಟ ಉಣ್ಣಿಸುತ್ತಾರೆ. ಶಾಸ್ತ್ರ ಮುಗಿದ ಮೇಲೆ ತವರಿನವರು ಮಗಳನ್ನು ಕರೆದೊಯ್ಯುತ್ತಾರೆ. ಅತ್ತೆಯ ಮನೆಯಲ್ಲಿ ಕೇಳಲು ಹಿಂಜರಿಯುವುದನ್ನು ಹೆತ್ತ ತಾಯಿಯಲ್ಲಿ ಕೇಳಬಹುದು, ದುಡಿಮೆಯಿಂದ ಬಿಡುವೂ ಸಿಗುತ್ತದೆ. ಗಂಡನ ಮನೆಗೆ ಖರ್ಚು ತಪ್ಪುವುದೂ ಈ ಏರ್ಪಾಡಿನ ಒಳಗಿದ್ದ ಒಂದು ಲೆಕ್ಕ.

ಮಗಳು ಬರುವ ಮೊದಲೇ ತವರಿನಲ್ಲಿ ಸಿದ್ಧತೆ ಶುರುವಾಗುತ್ತಿತ್ತು. ಗಾಳಿ ನುಗ್ಗದ, ಬೆಳಕು ಕಡಿಮೆಯಿರುವ, ಆದಷ್ಟು ಬಚ್ಚಲಿಗೆ ಹತ್ತಿರವಾದ ಒಂದು ಮೂಲೆಯೋ ಕೋಣೆಯೋ ಬಾಣಂತಿಗೆ ಮೀಸಲು. ಅಲ್ಲಿ ಒಂದು ಹೊರಸು, ಕಂಬಳಿ, ಕೌದಿ. ಪಕ್ಕದಲ್ಲಿ ಕೆಂಡ ಹಾಕಲು ಅಗ್ಗಿಷ್ಟಿಕೆ, ಹೊಗೆಗೆ ಸಾಂಬ್ರಾಣಿ. ನೀರು ಕಾಯಿಸುವ ಹಂಡೆಗೆ ಒಣ ಸೌದೆ, ಬೆರಣಿ. ಮೈಗೆ ಹಚ್ಚಲು ಹರಳೆಣ್ಣೆ, ಮಗುವಿಗೆ ತೇಯಲು ಬಜೆ. ಅಟ್ಟದ ಗಂಟಿನಿಂದ ಇಳಿಸಿ, ಒಗೆದು, ಬಿಸಿಲಿಗೆ ಹಾಕಿದ ಹಳೆಯ ನೂಲಿನ ಸೀರೆಗಳು. ಸೀರೆಯೊಂದೇ ಹಲವು ಕೆಲಸಕ್ಕೆ ಒದಗುತ್ತಿತ್ತು: ಹರಿದ ತುಂಡು ರಕ್ತಸ್ರಾವಕ್ಕೆ, ಇನ್ನೊಂದು ಕೂಸನ್ನು ಸುತ್ತಲು, ಮತ್ತೊಂದು ಲಂಗೋಟಿಗೆ, ಉದ್ದನೆಯದು ಬಾಣಂತಿಯ ಹೊಟ್ಟೆಗೆ ಬಿಗಿದು ಕಟ್ಟಲು.

ಅಡುಗೆಮನೆಯ ತಯಾರಿ ಪ್ರದೇಶಕ್ಕೆ ತಕ್ಕಂತೆ ಬೇರೆಯಾಗುತ್ತಿತ್ತು. ಮೆಣಸು, ಒಣಶುಂಠಿ, ಬೆಳ್ಳುಳ್ಳಿ, ಮೆಂತ್ಯ, ಓಮ, ತುಪ್ಪ ಎಲ್ಲ ಕಡೆಯೂ ಇದ್ದವು. ಉತ್ತರ ಕರ್ನಾಟಕದಲ್ಲಿ ಅಂಟು, ಒಣಕೊಬ್ಬರಿ, ಉತ್ತತ್ತಿ, ಬೆಲ್ಲ ಸೇರಿಸಿ ಅಂಟಿನುಂಡೆ ಕಟ್ಟುತ್ತಿದ್ದರು. ಕರಾವಳಿ, ಮಲೆನಾಡುಗಳಲ್ಲಿ ಬಾಣಂತಿ ಲೇಹ್ಯಕ್ಕೆ ಮರ್ಯಾದೆ ಹೆಚ್ಚು. ಹಳೆಯ ಮೈಸೂರಿನ ಮಾಂಸಾಹಾರಿ ಮನೆಗಳಲ್ಲಿ ನಾಟಿ ಕೋಳಿಯ ಸಾರಿಲ್ಲದೆ ಬಾಣಂತನ ಸಾಗುತ್ತಿರಲಿಲ್ಲ.

ಇಷ್ಟೆಲ್ಲ ತಯಾರಿಯಲ್ಲಿ ಕೂಸಿಗೆಂದು ಹೊಸದಾಗಿ ಕೊಂಡ ಒಂದು ವಸ್ತುವೂ ಇರುತ್ತಿರಲಿಲ್ಲ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದರಂತೆ ಎಂಬ ಗಾದೆಯನ್ನು ಇಂದು ಆತುರದವರನ್ನು ಹಂಗಿಸಲು ಬಳಸುತ್ತಾರೆ. ಹಿಂದಿನವರಿಗೆ ಅದು ನಗೆಯ ಮಾತಷ್ಟೇ ಆಗಿರಲಿಲ್ಲ, ಪಾಲಿಸಬೇಕಾದ ಕಟ್ಟಳೆಯೂ ಆಗಿತ್ತು. ಇಪ್ಪತ್ತನೆಯ ಶತಮಾನದ ಆರಂಭದ ದಶಕಗಳಲ್ಲಿ ಬ್ರಿಟಿಷ್ ಇಂಡಿಯಾದಲ್ಲಿ ಹುಟ್ಟಿದ ಪ್ರತಿ ಸಾವಿರ ಮಕ್ಕಳಲ್ಲಿ ಸುಮಾರು 200 ಮಕ್ಕಳು ವರ್ಷ ತುಂಬುವ ಮೊದಲೇ ತೀರಿಹೋಗುತ್ತಿದ್ದವು. ಐದರಲ್ಲಿ ಒಂದು ಕೂಸು ಉಳಿಯದ ಕಾಲದಲ್ಲಿ ಹೊಸ ಬಟ್ಟೆ, ಹೊಸ ತೊಟ್ಟಿಲು ತಂದಿಡುವುದೆಂದರೆ ವಿಧಿಯನ್ನು ಕೆಣಕಿದಂತೆ. ಅದಕ್ಕೇ ಕೂಸಿನ ಮೊದಲ ಬಟ್ಟೆ ಹಿರಿಯರ ಹಳೆಯ ಸೀರೆಯ ತುಂಡೋ ಪಂಚೆಯ ತುಂಡೋ ಆಗಿರುತ್ತಿತ್ತು. ನೂರಾರು ಸಲ ಒಗೆದು ಮೆತ್ತಗಾದ ನೂಲು ಎಳೆಯ ಚರ್ಮಕ್ಕೆ ಒಗ್ಗುವುದೂ ಹೌದು. ಹೊಸ ಕುಲಾವಿ, ಕುಂಚಿಗೆ, ತೊಟ್ಟಿಲುಗಳಿಗೆ ಪುರುಡು ಕಳೆದು ಹೆಸರಿಡುವ ದಿನ ಬರಬೇಕಿತ್ತು.

ಸೂಲಗಿತ್ತಿಯ ಕಾಲ

ಬೇನೆ ಕಾಣಿಸಿಕೊಂಡರೆ ಹೇಳಿಕಳಿಸುತ್ತಿದ್ದದ್ದು ಸೂಲಗಿತ್ತಿಗೆ. ಆಕೆ ಹೆಚ್ಚುಕಡಿಮೆ ಬರಿಗೈಯಲ್ಲಿ ಬರುತ್ತಿದ್ದಳು. ಬಿಸಿನೀರು, ಎಣ್ಣೆ, ದಾರ, ಹೊಕ್ಕುಳಬಳ್ಳಿ ಕೊಯ್ಯಲು ಕುಡುಗೋಲೋ ಬ್ಲೇಡೋ, ಹಳೆಯ ಬಟ್ಟೆ, ಎಲ್ಲವೂ ಆ ಮನೆಯದೇ. ಆಕೆಯ ಬಂಡವಾಳವೆಲ್ಲ ಕೈಯಲ್ಲಿತ್ತು: ಹೊಟ್ಟೆ ಮುಟ್ಟಿ ಕೂಸಿನ ತಲೆ ಎಲ್ಲಿದೆಯೆಂದು ತಿಳಿಯುವುದು, ಬೇನೆಯ ಏರಿಳಿತದಿಂದ ಹೊತ್ತನ್ನು ಅಂದಾಜು ಮಾಡುವುದು, ಹೆದರಿದವಳಿಗೆ ಧೈರ್ಯ ಹೇಳುವುದು. ಮಾಸು ಬಿದ್ದ ಮೇಲೆ ಅದನ್ನು ಹೂಳುವವರೆಗೂ ಆಕೆಯ ಕೆಲಸವಿತ್ತು. ಮುಂದೆ ಕೆಲವು ದಿನ ತಾಯಿ, ಮಗು ಇಬ್ಬರಿಗೂ ಎಣ್ಣೆ ತಿಕ್ಕಿ ನೀರೆರೆಯಲೂ ಬರುತ್ತಿದ್ದಳು. ಪ್ರತಿಫಲ ಹೆಚ್ಚಾಗಿ ಕಾಳುಕಡಿ, ಸೀರೆ, ಎಲೆ ಅಡಿಕೆಯ ರೂಪದಲ್ಲಿ ಸಲ್ಲುತ್ತಿತ್ತು.

ಈ ಪರಂಪರೆಯ ಅತ್ಯಂತ ಪ್ರಸಿದ್ಧ ಹೆಸರು ಸೂಲಗಿತ್ತಿ ನರಸಮ್ಮ. 1920ರಲ್ಲಿ ಹುಟ್ಟಿದ, ಪಾವಗಡ ತಾಲ್ಲೂಕಿನ ಕೃಷ್ಣಾಪುರದ ನರಸಮ್ಮ ಶಾಲೆ ಕಂಡವರಲ್ಲ, ವಿದ್ಯೆ ಅಜ್ಜಿಯಿಂದ ಬಂದದ್ದು. ಆಸ್ಪತ್ರೆಯ ಸೌಲಭ್ಯವಿಲ್ಲದ ಬಯಲುಸೀಮೆಯ ಹಳ್ಳಿಗಳಲ್ಲಿ ಅವರು ಮಾಡಿಸಿದ ಹೆರಿಗೆಗಳು 15,000ಕ್ಕೂ ಹೆಚ್ಚು ಎನ್ನುತ್ತಾರೆ. ತುಮಕೂರು ವಿಶ್ವವಿದ್ಯಾನಿಲಯ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷದ ಡಿಸೆಂಬರ್ 25ರಂದು ಅವರು ತೀರಿಕೊಂಡರು.

ನುರಿತ ಕೈಗೂ ಕಾಣದ ಶತ್ರುವೊಂದಿತ್ತು. ತೊಳೆಯದ ಕುಡುಗೋಲು, ಹೊಕ್ಕುಳಿಗೆ ಮೆತ್ತುವ ಬೂದಿ ಅಥವಾ ಸಗಣಿಯ ಮೂಲಕ ಧನುರ್ವಾಯು ಎಳೆಗೂಸಿನ ಮೈಸೇರುತ್ತಿತ್ತು. ಹುಟ್ಟಿದಾಗ ಚೆನ್ನಾಗಿದ್ದ ಮಗು ವಾರದೊಳಗೆ ಹಾಲು ಬಿಟ್ಟು, ಮೈ ಸೆಟೆದು ಸಾಯುತ್ತಿತ್ತು. ತಾಯಿಗೆ ಬಾಣಂತಿ ನಂಜು. ಹೆರಿಗೆ ಅಡ್ಡಬಂದರೆ, ರಕ್ತ ನಿಲ್ಲದಿದ್ದರೆ, ಕೈಗುಣಕ್ಕೆ ಮೀರಿದ ಸ್ಥಿತಿ. 1903ರಲ್ಲಿ ವೈಸರಾಯ್ ಕರ್ಜನ್ನರ ಪತ್ನಿ ಸ್ಥಾಪಿಸಿದ ವಿಕ್ಟೋರಿಯಾ ಸ್ಮಾರಕ ವಿದ್ಯಾರ್ಥಿವೇತನ ನಿಧಿಯಿಂದ ಮೊದಲ್ಗೊಂಡು ಸೂಲಗಿತ್ತಿಯರಿಗೆ ತರಬೇತಿ ಕೊಡುವ ಯತ್ನಗಳು ಶತಮಾನವಿಡೀ ನಡೆದವು. ಅವುಗಳ ಸಾರ ಕೊನೆಗೆ ಐದು ಸ್ವಚ್ಛತೆಗಳ ಸರಳ ಪಾಠವಾಗಿ ನಿಂತಿತು: ಸ್ವಚ್ಛವಾದ ಕೈ, ಸ್ವಚ್ಛವಾದ ಜಾಗ, ಸ್ವಚ್ಛವಾದ ಬ್ಲೇಡು, ಸ್ವಚ್ಛವಾದ ದಾರ, ಏನನ್ನೂ ಮೆತ್ತದ ಸ್ವಚ್ಛವಾದ ಹೊಕ್ಕುಳು. ಸೋಪು, ಬ್ಲೇಡು, ದಾರ, ಪ್ಲಾಸ್ಟಿಕ್ ಹಾಳೆ ಇರುವ, ಒಮ್ಮೆ ಬಳಸಿ ಎಸೆಯುವ ಹೆರಿಗೆ ಕಿಟ್ಟುಗಳು ಈ ಪಾಠದ ಜೊತೆಗೇ ಹಳ್ಳಿಗೆ ಬಂದವು. ಕಾಗದದ ಪೊಟ್ಟಣದಷ್ಟೇ ಇದ್ದ ಆ ಕಿಟ್ಟನ್ನು ಬೇನೆ ಬರುವ ಮೊದಲೇ ತಂದಿಟ್ಟುಕೊಳ್ಳಬೇಕಿತ್ತು. ಗರ್ಭಿಣಿಯರಿಗೆ ಕೊಟ್ಟ ಚುಚ್ಚುಮದ್ದೂ ಸೇರಿ ಇದರ ಫಲ ಕಾಣಲು ದಶಕಗಳು ಹಿಡಿದವು. ತಾಯಿ ಮತ್ತು ನವಜಾತ ಶಿಶುಗಳ ಧನುರ್ವಾಯುವನ್ನು ಭಾರತ ನಿವಾರಿಸಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದ್ದು 2015ರಲ್ಲಿ.

ಹೆರಿಗೆ ಆಸ್ಪತ್ರೆಗಳು

ಹೆಂಗಸರಿಗೆಂದೇ ಆಸ್ಪತ್ರೆ ಕಟ್ಟುವ ಕೆಲಸಕ್ಕೆ ಭಾರತದಲ್ಲಿ ವೇಗ ಬಂದದ್ದು 1885ರಲ್ಲಿ ಲೇಡಿ ಡಫರಿನ್ ಸ್ಥಾಪಿಸಿದ ನಿಧಿಯಿಂದ. ಬೆಂಗಳೂರಿನಲ್ಲಿ 1886ರಲ್ಲಿ ಕ್ರೈಸ್ತ ಸನ್ಯಾಸಿನಿಯರು ಸೇಂಟ್ ಮಾರ್ಥಾಸ್ ಆಸ್ಪತ್ರೆ ತೆರೆದರು. ಮೈಸೂರಿನಲ್ಲಿ ವೆಸ್ಲಿಯನ್ ಮಿಷನ್ ಹೆಂಗಸರು ಮತ್ತು ಮಕ್ಕಳಿಗಾಗಿ 1906ರಲ್ಲಿ ಆರಂಭಿಸಿದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ ಜನರ ಬಾಯಲ್ಲಿ ಮಿಷನ್ ಆಸ್ಪತ್ರೆಯಾಯಿತು. 1895ರಿಂದ 1902ರವರೆಗೆ ರಾಜಪ್ರತಿನಿಧಿಯಾಗಿ ಮೈಸೂರು ಸಂಸ್ಥಾನವನ್ನು ಆಳಿದ ಮಹಾರಾಣಿ ಕೆಂಪನಂಜಮ್ಮಣ್ಣಿಯವರ ಬಿರುದನ್ನು ಹೊತ್ತ ವಾಣಿ ವಿಲಾಸ ಆಸ್ಪತ್ರೆ 1935ರಲ್ಲಿ ಬೆಂಗಳೂರಿನಲ್ಲಿ ತೆರೆಯಿತು. ಮೈಸೂರಿನ ಚೆಲುವಾಂಬ, ಮಂಗಳೂರಿನ ಲೇಡಿ ಗೋಷನ್ ಆಸ್ಪತ್ರೆಗಳು ಇಂದಿಗೂ ಸುತ್ತಲ ಜಿಲ್ಲೆಗಳ ಬಸುರಿಯರನ್ನು ಸೇರಿಸಿಕೊಳ್ಳುವ ದೊಡ್ಡ ಸರ್ಕಾರಿ ಹೆರಿಗೆ ಆಸ್ಪತ್ರೆಗಳು.

ಕಟ್ಟಡ ಎದ್ದ ಕೂಡಲೇ ಜನ ಬರಲಿಲ್ಲ. ಹೆರಿಗೆಗೆ ಆಸ್ಪತ್ರೆಗೆ ಹೋದರು ಎಂದರೆ ಏನೋ ಕೆಟ್ಟದ್ದಾಗಿದೆ ಎಂದೇ ಅರ್ಥ. ಸೂಲಗಿತ್ತಿ ಕೈಬಿಟ್ಟ ಮೇಲೆ, ಎತ್ತಿನ ಗಾಡಿಯಲ್ಲಿ ಹೊತ್ತು ಮೀರಿ ಬಂದವರು ಬದುಕದಿದ್ದಾಗ ಆ ಭಯ ಇನ್ನಷ್ಟು ಗಟ್ಟಿಯಾಗುತ್ತಿತ್ತು. ಈ ಅಂಜಿಕೆ ಇಲ್ಲಿಯವರಿಗಷ್ಟೇ ಇದ್ದದ್ದಲ್ಲ. ಹತ್ತೊಂಬತ್ತನೆಯ ಶತಮಾನದ ಯುರೋಪಿನಲ್ಲೂ ಹೆರಿಗೆ ಆಸ್ಪತ್ರೆಗಳು ಸಾವಿನ ಮನೆಗಳೆನಿಸಿದ್ದವು. ಶವಪರೀಕ್ಷೆ ಮಾಡಿ ಬಂದ ವೈದ್ಯರ ಕೈಯಿಂದಲೇ ಬಾಣಂತಿ ನಂಜು ಹರಡುತ್ತಿದೆಯೆಂದು ವಿಯೆನ್ನಾದಲ್ಲಿ ಇಗ್ನಾಜ್ ಸೆಮೆಲ್‌ವೈಸ್ ಕಂಡುಕೊಂಡದ್ದು 1847ರಲ್ಲಿ. ಸುಣ್ಣದ ಕ್ಲೋರಿನ್ ನೀರಿನಲ್ಲಿ ಕೈ ತೊಳೆಸಿದ ಮೇಲೆ ಅವನ ವಾರ್ಡಿನಲ್ಲಿ ಸಾವು ಇಳಿಯಿತು. ಕನ್ನಡ ನಾಡಿನಲ್ಲಿ ಇದರ ಜೊತೆಗೆ ಜಾತಿ, ಮಡಿ, ಪಥ್ಯದ ತೊಡಕುಗಳೂ ಇದ್ದವು. ಯಾರೋ ಬೇಯಿಸಿದ್ದನ್ನು ಬಾಣಂತಿ ಉಣ್ಣುವುದು ಹೇಗೆ, ಪುರುಡಿನ ದಿನಗಳನ್ನು ಪರರ ನಡುವೆ ಕಳೆಯುವುದು ಹೇಗೆ ಎಂಬ ಪ್ರಶ್ನೆಗಳಿಗೆ ಮನೆಯವರು ಕಂಡುಕೊಂಡ ಉತ್ತರ, ಮನೆಯದನ್ನೇ ಆಸ್ಪತ್ರೆಗೆ ಹೊರುವುದು.

ಫ್ಲಾಸ್ಕು ಮತ್ತು ವಯರ್ ಬುಟ್ಟಿ

ಹಳ್ಳಿಯಲ್ಲಿ ಹೆರಿಗೆಯ ಹೆಸರಿನಲ್ಲಿ ಮೊದಲು ಕಂಡ ಚೀಲ ಬಸುರಿಯದಲ್ಲ, ದಾದಿಯದು. 1952ರಲ್ಲಿ ಸಮುದಾಯ ಅಭಿವೃದ್ಧಿ ಕಾರ್ಯಕ್ರಮದೊಂದಿಗೆ ಪ್ರಾಥಮಿಕ ಆರೋಗ್ಯ ಕೇಂದ್ರಗಳು ಆರಂಭವಾದವು. ಅಲ್ಲಿನ ಸಹಾಯಕ ದಾದಿ ಸೂಲಗಿತ್ತಿಗೆ ಎದುರಾಗಿಯೂ ಕೆಲವೊಮ್ಮೆ ಜೊತೆಯಾಗಿಯೂ ಮನೆಗಳಿಗೆ ಬಂದಳು. ಕತ್ತರಿ, ದಾರ, ಹತ್ತಿ, ಸ್ಪಿರಿಟ್ಟು ತುಂಬಿದ ಆಕೆಯ ಚೀಲವನ್ನು ಊರಿನ ಮಕ್ಕಳು ಕುತೂಹಲದಿಂದ ನೋಡುತ್ತಿದ್ದರು. ತಮ್ಮನನ್ನೋ ತಂಗಿಯನ್ನೋ ದಾದಿ ಅದರಲ್ಲೇ ತರುತ್ತಾಳೆಂದು ದೊಡ್ಡವರು ನಂಬಿಸುವುದೂ ಇತ್ತು.

ಪಟ್ಟಣಗಳಲ್ಲಿ ಬಸುರಿಯ ಚೀಲ ಸ್ವಾತಂತ್ರ್ಯಾನಂತರದ ದಶಕಗಳಲ್ಲಿ ರೂಪ ಪಡೆಯಿತು. ಅದಿನ್ನೂ ಒಂದೇ ಚೀಲವಾಗಿರಲಿಲ್ಲ. ಬಟ್ಟೆಗೆ ಒಂದು ಕೈಚೀಲ ಅಥವಾ ಸಣ್ಣ ಟ್ರಂಕು, ಊಟಕ್ಕೆ ಟಿಫಿನ್ ಕ್ಯಾರಿಯರ್, ಬಿಸಿನೀರಿಗೂ ಹಾಲಿಗೂ ಫ್ಲಾಸ್ಕು, ಲೋಟ ತಟ್ಟೆ ಬಾಚಣಿಗೆಗೆ ಬಣ್ಣದ ಪ್ಲಾಸ್ಟಿಕ್ ವಯರಿನಲ್ಲಿ ಹೆಣೆದ ಬುಟ್ಟಿ. ಈ ಸಾಮಾನು ಹೊರುತ್ತಿದ್ದವಳು ಬಸುರಿಯ ತಾಯಿ. ಆಸ್ಪತ್ರೆಯ ಮಂಚದ ಕೆಳಗೆ ಚಾಪೆ ಹಾಸಿ ಮಲಗುತ್ತಿದ್ದವಳೂ ಆಕೆಯೇ. ಫ್ಲಾಸ್ಕು ಅಗ್ಗಿಷ್ಟಿಕೆಯ ಕೆಲಸದಲ್ಲಿ ಒಂದು ಪಾಲನ್ನು ವಹಿಸಿಕೊಂಡಿತು: ಬಾಣಂತಿಗೆ ತಣ್ಣನೆಯದು ತಾಕಬಾರದೆಂಬ ನಿಯಮವನ್ನು ಬೆಂಕಿಯಿಲ್ಲದ ವಾರ್ಡಿನಲ್ಲೂ ಪಾಲಿಸಲು ಅದರಿಂದ ಆಯಿತು. ಹಳೆಯ ಸೀರೆಯ ತುಂಡುಗಳು ಹಾಗೆಯೇ ಬಂದವು. ಆದರೆ ಅವುಗಳನ್ನು ಚೀಲಕ್ಕಿಡುತ್ತಿದ್ದದ್ದು ಬೇನೆ ಶುರುವಾದ ಮೇಲೆ. ಕುಲಾವಿಯ ಗಾದೆ ಇನ್ನೂ ಕೈ ಹಿಡಿದು ನಿಲ್ಲಿಸುತ್ತಿತ್ತು.

ಏನು ಬೇಕು, ಏನು ಬೇಡ ಎಂಬ ತಿಳಿವಳಿಕೆಗೆ ತಾಯಿ, ಅಜ್ಜಿಯರ ಜೊತೆ ಪುಸ್ತಕವೂ ಸೇರಿದ್ದು ಇದೇ ಕಾಲದಲ್ಲಿ. ವೈದ್ಯೆಯೂ ಕಾದಂಬರಿಕಾರ್ತಿಯೂ ಆಗಿದ್ದ ಅನುಪಮಾ ನಿರಂಜನ (1934–1991) ಅವರ ‘ತಾಯಿ-ಮಗು’ ಬಸಿರು, ಬಾಣಂತನ, ಶಿಶುಪಾಲನೆಗಳ ವಿಷಯವನ್ನು ಮುಚ್ಚುಮರೆಯಿಲ್ಲದ ಕನ್ನಡದಲ್ಲಿ ಹೇಳಿತು. ಓದು ಬಲ್ಲ ಹೆಣ್ಣುಮಕ್ಕಳು ಅದನ್ನು ಮದುವೆಯ ಉಡುಗೊರೆಯಾಗಿಯೂ ಕೊಟ್ಟುಕೊಂಡರು.

ಸರ್ಕಾರ ತುಂಬಿದ ಮಡಿಲು

2005ರ ಏಪ್ರಿಲ್‌ನಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಆರಂಭವಾಯಿತು. ಅದರ ಭಾಗವಾದ ಜನನಿ ಸುರಕ್ಷಾ ಯೋಜನೆ ಆಸ್ಪತ್ರೆಯಲ್ಲಿ ಹೆತ್ತ ಬಡ ತಾಯಂದಿರಿಗೆ ನಗದು ಕೊಟ್ಟಿತು. ಕರ್ನಾಟಕದ ಹಳ್ಳಿಯ ತಾಯಿಗೆ 700 ರೂಪಾಯಿ, ಪಟ್ಟಣದವಳಿಗೆ 600. ಬಸುರಿಯ ಹೆಸರು ಬರೆಸಿ, ತಪಾಸಣೆಗೆ ಕರೆದೊಯ್ದು, ಹೆರಿಗೆಗೆ ಜೊತೆಹೋಗುವ ಕೆಲಸ ಅದೇ ಊರಿನ ಆಶಾ ಕಾರ್ಯಕರ್ತೆಯ ಪಾಲಿಗೆ ಬಂತು.

2007ರಲ್ಲಿ ಕರ್ನಾಟಕ ಸರ್ಕಾರ ಇದಕ್ಕೆ ತನ್ನದೊಂದು ಯೋಜನೆ ಸೇರಿಸಿ ಅದಕ್ಕೆ ‘ಮಡಿಲು’ ಎಂದು ಹೆಸರಿಟ್ಟಿತು. ಸರ್ಕಾರಿ ಆಸ್ಪತ್ರೆಯಲ್ಲಿ ಹೆತ್ತ, ಬಡತನ ರೇಖೆಗಿಂತ ಕೆಳಗಿನ ಕುಟುಂಬದ ತಾಯಿಗೆ 19 ಬಗೆಯ ಸಾಮಾನಿನ ಕಿಟ್ಟು: ಸೊಳ್ಳೆ ಪರದೆ, ಹೊದಿಕೆ, ಟವೆಲು, ಸೋಪು, ಸ್ಯಾನಿಟರಿ ಪ್ಯಾಡು, ಮಗುವಿಗೆ ಎಣ್ಣೆ, ಬಟ್ಟೆ, ಟೋಪಿ ಮುಂತಾದವು. ಹೆಸರು ನೇರವಾಗಿ ಸೀಮಂತದ ಶಾಸ್ತ್ರದಿಂದ ಬಂದದ್ದು. ತವರು ತುಂಬುತ್ತಿದ್ದ ಮಡಿಲನ್ನು ಸರ್ಕಾರ ತುಂಬುತ್ತದೆ ಎಂಬ ಮಾತು ಯಾರಿಗೂ ವಿವರಿಸದೆಯೇ ಅರ್ಥವಾಗುವಂಥದ್ದು. ಕಿಟ್ಟು ಕೈಸೇರುತ್ತಿದ್ದದ್ದು ಹೆರಿಗೆಯಾದ ಮೇಲೆ. ಹೀಗಾಗಿ ಕೂಸು ಹುಟ್ಟಿದ ನಂತರವೇ ಕುಲಾವಿ ಎಂಬ ಹಳೆಯ ಕ್ರಮಕ್ಕೂ ಅದರಿಂದ ಭಂಗ ಬರಲಿಲ್ಲ. ಫಿನ್ಲೆಂಡ್ 1938ರಿಂದ ಬಡ ತಾಯಂದಿರಿಗೂ 1949ರಿಂದ ಎಲ್ಲ ತಾಯಂದಿರಿಗೂ ಕೊಡುತ್ತಿರುವ ಪ್ರಸಿದ್ಧ ಪೆಟ್ಟಿಗೆಯ ಕ್ರಮ ಬೇರೆ. ಬಸಿರಿನಲ್ಲೇ ತಪಾಸಣೆಗೆ ಬಂದವರಿಗೆ ಅದು ಸಲ್ಲುತ್ತದೆ. ನೆರೆಯ ತಮಿಳುನಾಡು 2015ರಲ್ಲಿ, ತೆಲಂಗಾಣ 2017ರಲ್ಲಿ ಇಂಥವೇ ಕಿಟ್ಟುಗಳನ್ನು ಸರ್ಕಾರಿ ಆಸ್ಪತ್ರೆಯ ಬಾಣಂತಿಯರಿಗೆ ಕೊಡತೊಡಗಿದವು.

ಚೀಲವನ್ನು ಮೊದಲೇ ಕಟ್ಟಿಡುವಂತೆ ಮಾಡಿದ ಒತ್ತಡ ಬೇರೆ ಕಡೆಯಿಂದ ಬಂತು. 2008ರ ನವೆಂಬರ್ 1ರಂದು ರಾಜ್ಯದಲ್ಲಿ ‘ಆರೋಗ್ಯ ಕವಚ’ದ ಹೆಸರಿನಲ್ಲಿ 108 ಆಂಬುಲೆನ್ಸ್ ಸೇವೆ ಶುರುವಾಯಿತು. ಕರೆ ಮಾಡಿದ ಕೆಲ ಹೊತ್ತಿಗೆ ಗಾಡಿ ಬಾಗಿಲಲ್ಲಿ ನಿಂತರೆ ಅಟ್ಟದ ಗಂಟು ಬಿಚ್ಚಿ ಸೀರೆ ಹುಡುಕುವಷ್ಟು ವ್ಯವಧಾನ ಇರುವುದಿಲ್ಲ. ಯಾವ ಆಸ್ಪತ್ರೆ, ಯಾವ ವಾಹನ, ಜೊತೆಗೆ ಯಾರು, ರಕ್ತ ಬೇಕಾದರೆ ಯಾರು ಕೊಡುತ್ತಾರೆ, ಕೈಯಲ್ಲಿ ಎಷ್ಟು ಹಣ ಎಂಬುದನ್ನು ತಿಂಗಳು ತುಂಬುವ ಮೊದಲೇ ಗೊತ್ತು ಮಾಡಿಕೊಳ್ಳಬೇಕೆಂಬುದು ಆಶಾ ಕಾರ್ಯಕರ್ತೆ ಮನೆಮನೆಗೆ ಹೇಳುವ ಪಾಠದ ಭಾಗ. ಒಗೆದ ಬಟ್ಟೆಯ ಚೀಲ ಆ ಪಟ್ಟಿಯ ಕೊನೆಯ ಸಾಲು. 2011ರ ಜೂನ್ 1ರಂದು ಬಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮ ಸರ್ಕಾರಿ ಆಸ್ಪತ್ರೆಯಲ್ಲಿ ಔಷಧ, ಪರೀಕ್ಷೆ, ರಕ್ತ, ಹೋಗಿಬರುವ ವಾಹನಗಳನ್ನು ಉಚಿತಗೊಳಿಸಿತು. ಸಹಜ ಹೆರಿಗೆಗೆ 3 ದಿನ, ಸಿಸೇರಿಯನ್‌ಗೆ 7 ದಿನದವರೆಗೆ ಊಟವನ್ನೂ ಕೊಟ್ಟಿತು.

ಬದಲಾವಣೆಯ ವೇಗ ಅಂಕಿಗಳಲ್ಲಿ ಕಾಣುತ್ತದೆ. ರಾಜ್ಯದ ಆಸ್ಪತ್ರೆ ಹೆರಿಗೆಗಳ ಪ್ರಮಾಣ 2005-06ರಲ್ಲಿ ಶೇ 65 ಇದ್ದದ್ದು 2015-16ಕ್ಕೆ ಶೇ 94ಕ್ಕೂ 2019-20ರ ಸಮೀಕ್ಷೆಯಲ್ಲಿ ಶೇ 97ಕ್ಕೂ ಏರಿತು. ಲಕ್ಷ ಜೀವಂತ ಜನನಕ್ಕೆ ತಾಯಂದಿರ ಸಾವು 2004-06ರಲ್ಲಿ 213 ಇದ್ದದ್ದು 2018-20ರಲ್ಲಿ 69ಕ್ಕೆ ಇಳಿಯಿತು.

ಚೀಲದೊಳಗೆ

ಇಂದಿನ ಚೀಲವನ್ನು ಸಾಮಾನ್ಯವಾಗಿ ಎಂಟನೆಯ ತಿಂಗಳು ಮುಗಿಯುವ ಹೊತ್ತಿಗೆ ಕಟ್ಟಿಡುತ್ತಾರೆ. ಮೇಲ್ಗಡೆಯ ಜೇಬಿನಲ್ಲಿ ತಾಯಿ ಕಾರ್ಡು, ಸ್ಕ್ಯಾನಿಂಗ್ ಮತ್ತು ರಕ್ತಪರೀಕ್ಷೆಯ ವರದಿಗಳು, ಆಧಾರ್, ಪಡಿತರ ಚೀಟಿ ಅಥವಾ ವಿಮೆಯ ಕಾಗದ. ಹಿಂದೆ ಹುಟ್ಟಿದ ಗಳಿಗೆಯನ್ನು ಜಾತಕಕ್ಕಾಗಿ ಪಂಚಾಂಗದ ಅಂಚಿನಲ್ಲಿ ಗುರುತು ಹಾಕಿಕೊಳ್ಳುತ್ತಿದ್ದರು. 1969ರ ಜನನ ಮರಣ ನೋಂದಣಿ ಕಾಯ್ದೆಯ ಪ್ರಕಾರ ಈಗ ಆಸ್ಪತ್ರೆಯೇ ಜನನದ ಮಾಹಿತಿಯನ್ನು ನೋಂದಣಿಗೆ ಕಳಿಸುತ್ತದೆ. ಜೋಯಿಸರಿಗೆ ಒಯ್ಯುವ ಸಮಯವನ್ನೂ ಮನೆಯವರು ಆಸ್ಪತ್ರೆಯ ಚೀಟಿ ನೋಡಿಯೇ ಬರೆದುಕೊಳ್ಳುತ್ತಾರೆ.

ಬಟ್ಟೆಗಳಲ್ಲಿ ಸೀರೆಯ ಜಾಗಕ್ಕೆ ಹಾಲೂಡಿಸಲು ಮುಂದೆ ತೆರೆಯುವ ನೈಟಿ ಬಂದಿದೆ, ಹರಿದ ಸೀರೆಯ ಜಾಗಕ್ಕೆ ಪ್ಯಾಡು. ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫು ತಪ್ಪಿಲ್ಲ. ಮಗುವಿಗೆ ಟೋಪಿ, ಕಾಲುಚೀಲ, ಡೈಪರು, ಸುತ್ತಲು ಟವೆಲು. ಅಂಗಡಿಯ ಹೊಸ ಬಟ್ಟೆಯನ್ನು ಒಗೆದು ಒಣಗಿಸದೆ ತೊಡಿಸಬಾರದೆಂದು ದಾದಿಯರು ಹೇಳುತ್ತಾರೆ. ಆದ್ದರಿಂದ ಬಹಳಷ್ಟು ಚೀಲಗಳಲ್ಲಿ ಇಂದಿಗೂ ಅಜ್ಜಿಯ ಮೆತ್ತನೆಯ ಸೀರೆಯ ನಾಲ್ಕು ತುಂಡುಗಳು ಡೈಪರಿನ ಪೊಟ್ಟಣದ ಪಕ್ಕದಲ್ಲೇ ಇರುತ್ತವೆ. ಸಿಸೇರಿಯನ್ ಹೆಚ್ಚಿದ್ದರಿಂದ ಚೀಲವೂ ದೊಡ್ಡದಾಗಿದೆ. 2019-20ರ ಸಮೀಕ್ಷೆಯಂತೆ ರಾಜ್ಯದಲ್ಲಿ ಹತ್ತರಲ್ಲಿ ಮೂರಕ್ಕಿಂತ ಹೆಚ್ಚು ಹೆರಿಗೆಗಳು ಶಸ್ತ್ರಚಿಕಿತ್ಸೆಯಿಂದ ಆದವು. ಎರಡು ದಿನಕ್ಕೆಂದು ಕಟ್ಟಿದ ಬಟ್ಟೆ ವಾರಕ್ಕೆ ಸಾಲಬೇಕಾಗುತ್ತದೆ.

ಚೀಲದಿಂದ ಹೊರಬಿದ್ದವುಗಳ ಪಟ್ಟಿಯೂ ಇದೆ. ಎಳೆಗೂಸಿನ ಬಾಯಿಗೆ ತಾಕಿಸುತ್ತಿದ್ದ ಜೇನುತುಪ್ಪ, ಸಕ್ಕರೆ ನೀರು, ಹರಳೆಣ್ಣೆಗಳಿಗೆ ಆಸ್ಪತ್ರೆಯಲ್ಲಿ ಪ್ರವೇಶವಿಲ್ಲ. ಕೆಟ್ಟದ್ದೆಂದು ಹಿಂಡಿ ಚೆಲ್ಲುತ್ತಿದ್ದ ಹಳದಿ ಬಣ್ಣದ ಮೊದಲ ಹಾಲನ್ನು ಹುಟ್ಟಿದ ಒಂದು ಗಂಟೆಯೊಳಗೆ ಕುಡಿಸಬೇಕು ಎಂಬುದೇ ಈಗಿನ ನಿಯಮ. ಹುಟ್ಟಿದ ಕೂಡಲೇ ನೀರೆರೆಯುವುದನ್ನೂ ಒಂದು ದಿನವಾದರೂ ಮುಂದೂಡುತ್ತಾರೆ, ಮಗುವಿನ ಮೈ ತಣ್ಣಗಾಗದಿರಲಿ ಎಂದು. ಕಾಡಿಗೆಯನ್ನು ವೈದ್ಯರು ಬೇಡವೆನ್ನುತ್ತಾರೆ. ಮನೆಗೆ ಬಂದ ಮೇಲೆ ಕೆನ್ನೆಯ ಮೇಲೆ ದೃಷ್ಟಿಬೊಟ್ಟಾಗಿ ಅದು ಮರಳುವುದುಂಟು.

ಚೀಲ ಮೂರು ದಿನದ್ದೋ ಏಳು ದಿನದ್ದೋ. ಬಾಣಂತನ ಅಷ್ಟಕ್ಕೆ ಮುಗಿಯುವುದಿಲ್ಲ. ಆಸ್ಪತ್ರೆಯಿಂದ ಮಗಳು ಇಂದಿಗೂ ಹೆಚ್ಚಾಗಿ ತವರಿಗೇ ಹೋಗುತ್ತಾಳೆ, ಮೂರು ತಿಂಗಳೋ ಐದು ತಿಂಗಳೋ ಅಲ್ಲೇ ಇರುತ್ತಾಳೆ. ಎಣ್ಣೆನೀರು, ಸಾಂಬ್ರಾಣಿ ಹೊಗೆ, ಅಂಟಿನುಂಡೆ, ಲೇಹ್ಯ ಅಲ್ಲಿ ಅವಳಿಗಾಗಿ ಕಾದಿರುತ್ತವೆ. ಅಮೆರಿಕದಲ್ಲೋ ಇಂಗ್ಲೆಂಡಿನಲ್ಲೋ ನೆಲೆಸಿದ ಕನ್ನಡಿಗರ ಮನೆಗಳಲ್ಲಿ ಈ ಪಯಣ ತಿರುಗುಮುರುಗಾಗಿದೆ. ಅಲ್ಲಿ ಆಸ್ಪತ್ರೆಯ ಚೀಲವನ್ನು ಮಗಳು, ಅಳಿಯ ಸೇರಿ ಕಟ್ಟುತ್ತಾರೆ. ಬಾಣಂತನದ ಸಾಮಾನು ವಿಮಾನದಲ್ಲಿ ತಾಯಿಯ ಸೂಟ್‌ಕೇಸಿನೊಳಗೆ ಬರುತ್ತದೆ. ಹೆರಲು ಮಗಳು ತವರಿಗೆ ಹೋಗುತ್ತಿದ್ದ ಪದ್ಧತಿ ಅಲ್ಲಿ ತವರೇ ಮಗಳ ಬಳಿಗೆ ಬರುವ ಪದ್ಧತಿಯಾಗಿದೆ.

ಕುಲಾವಿ ಈಗ ಕೂಸಿಗಿಂತ ಮೊದಲೇ ಚೀಲ ಸೇರುತ್ತದೆ. ತೊಟ್ಟಿಲಿನ ವಿಷಯದಲ್ಲಿ ಮಾತ್ರ ಅನೇಕ ಮನೆಗಳು ಹಳೆಯ ಕಟ್ಟಳೆಯನ್ನು ಬಿಟ್ಟಿಲ್ಲ. ತಾಯಿ, ಮಗು ಆಸ್ಪತ್ರೆಯಿಂದ ಮನೆಗೆ ಬಂದು, ಹೆಸರಿಡುವ ದಿನ ಗೊತ್ತಾದ ಮೇಲೆಯೇ ಅದನ್ನು ಅಟ್ಟದಿಂದ ಇಳಿಸುತ್ತಾರೆ.